ನಿದ್ದೆ ಡಾಕ್ಟರಮ್ಮ

ಸಂತೆಯಲ್ಲಿ ಎದುರಿಗೆ ಸಿಕ್ಕರೂ ಅವರು ನಮ್ಮ ಗುರುತು ಹಿಡಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎದುರು ಕೂರಿಸಿಕೊಂಡು ನನ್ನ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕೇಳಿಸಿಕೊಂಡವರು, ಅದೇ ವಾರ ಪಾಂಡವಪುರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ನಾನು ಪಕ್ಕಕ್ಕೇ ಹೋಗಿ ನಿಂತರೂ, ಒಮ್ಮೆ ಮುಖ ನೋಡಿ ಮತ್ತೆ ಬದನೆಕಾಯಿಗೇ ತಿರುಗಿದರು. ನನಗೆ ಮೈ ಉರಿದುಹೋಯಿತು. ಒಳಗೆ ಅಷ್ಟು ನಯ, ಹೊರಗೆ ಬಂದರೆ ಇಷ್ಟು ಗತ್ತು, ಇವರೂ ಎಲ್ಲರ ಹಾಗೇ ಎಂದುಕೊಂಡೆ. ಮುಂದಿನ ಸಲ ಹೋದಾಗ ಬಾಯಿಬಿಟ್ಟು ಕೇಳಿಯೇಬಿಟ್ಟೆ.

"ನಾನು ಮಾತಾಡಿಸಿದ್ರೆ, ಆಯಮ್ಮ ಯಾರು ಅಂತ ಜೊತೇಲಿರೋರು ನಿಮ್ಮನ್ನ ಕೇಳ್ತಾರೆ," ಎಂದರು. "ಆಗ ನೀವು ಸುಳ್ಳು ಹುಡುಕಬೇಕಾಗುತ್ತೆ. ಅದಕ್ಕೇ ನಾನು ಮೊದಲು ಮಾತಾಡಿಸಲ್ಲ. ನೀವು ಮಾತಾಡಿಸಿ, ಬೇಕಾದಷ್ಟು ಹೊತ್ತು ನಿಂತ್ಕೋತೀನಿ."

ಹೀಗಿದ್ದವರ ಹೆಸರನ್ನು ಅವರು ಹೋದ ಮೇಲೆ ನಾನು ಅಚ್ಚು ಹಾಕಿಸಿದರೆ ಚೆನ್ನಾಗಿರುವುದಿಲ್ಲ. ಹೆಸರಿಲ್ಲದೆಯೇ ಬರೆಯುತ್ತೇನೆ. ಗೊತ್ತಿರುವವರಿಗೆ ಗೊತ್ತಾಗುತ್ತದೆ, ಗೊತ್ತಾದರೂ ಅವರು ಯಾರಿಗೂ ಹೇಳುವುದಿಲ್ಲ.

ಅವರು ಮನಸ್ಸಿನ ಕಾಯಿಲೆಯ ಡಾಕ್ಟರು. ಸರ್ಕಾರದ ಜೀಪಿನಲ್ಲಿ ತಾಲ್ಲೂಕಿನಿಂದ ತಾಲ್ಲೂಕಿಗೆ ತಿರುಗುವುದೇ ಅವರ ನೌಕರಿ. ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಗುರುವಾರ ನಮ್ಮ ಕೆ.ಆರ್. ಪೇಟೆ, ಶುಕ್ರವಾರ ನಾಗಮಂಗಲ. ಎಲ್ಲೂ ಅವರದು ಅಂತ ಒಂದು ಕೋಣೆಯಿರಲಿಲ್ಲ. ಪೇಟೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಪಟ್ಟಿಯೊಂದು ಅವರ ತಲೆಯ ಹಿಂದೆ ತೂಗುತ್ತಿತ್ತು. ಮಾತು ಹೊರಡದೆ ಕೂತವರು ಆ ಅಕ್ಷರಗಳನ್ನೇ ಓದಿಕೊಳ್ಳುತ್ತಿದ್ದರು. ನಾನೂ ಓದಿದ್ದೇನೆ. ಕೊನೆಯ ಸಾಲು ಇವತ್ತಿಗೂ ನನಗೆ ಕಂಡಿಲ್ಲ.

ಆ ಕೋಣೆಯ ಮುಂದೆ ಒಂದು ಬೆಂಚು. ನಮ್ಮ ಕಡೆ ತಲೆ ಕೆಟ್ಟಿದೆ ಎಂದು ಹೇಳಿಕೊಂಡು ಯಾರು ತಾನೇ ಆಸ್ಪತ್ರೆಗೆ ಬರುತ್ತಾರೆ? ಎಲ್ಲರೂ ನಿದ್ದೆಗಾಗಿ ಬಂದವರೇ.

"ಏನಣ್ಣ, ಈ ಕಡೆ?"

"ಏನಿಲ್ಲ ಕಣ್ಲಾ, ವಸಿ ನಿದ್ದೆ ಬರಾಕಿಲ್ಲ, ಅದ್ಕೆ ಬಂದೆ. ನೀನು?"

"ನಂಗೂ ಅದೇಯ."

ಹೀಗೆ ಹೆಂಡ ಬಿಡಲಾರದವನು, ಹೆತ್ತ ಮಗುವನ್ನು ಎತ್ತಿಕೊಳ್ಳಲು ಹೆದರುವ ಬಾಣಂತಿ, ಕೈ ತೊಳೆದೂ ತೊಳೆದೂ ಬೆರಳ ಸಂದಿ ಬಿಳಿಚಿಕೊಂಡ ಒಬ್ಬ ಮೇಷ್ಟ್ರು, ಎಲ್ಲರೂ ಒಂದೇ ಬೆಂಚಿನ ಮೇಲೆ ನಿದ್ದೆ ಬಾರದವರಾಗಿ ಕೂತಿರುತ್ತಿದ್ದರು. ಅವರಿಗೆ ನಿದ್ದೆ ಡಾಕ್ಟರಮ್ಮ ಎಂದು ಹೆಸರು ಬಿದ್ದದ್ದು ಹಾಗೆ. ಅದು ಅವರಿಗೂ ಗೊತ್ತಿತ್ತು. ಒಳಗೆ ಬಂದವರನ್ನೆಲ್ಲ ಮೊದಲು "ನಿದ್ದೆ ಹೇಗಿದೆ?" ಎಂದೇ ಕೇಳುತ್ತಿದ್ದರು. ಬೆಂಚಿನ ಮೇಲೆ ನಾವಾಡಿದ ಮಾತು ಪೂರ್ತಿ ಸುಳ್ಳಾಗದಿರಲಿ ಎಂದೇ ಹಾಗೆ ಕೇಳುತ್ತಿದ್ದರು ಅಂತ ನನ್ನ ಅನಿಸಿಕೆ.

ಕೇಳಿಸಿಕೊಳ್ಳುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇದರಿಂದ ಆದ ರಗಳೆ ಒಂದೆರಡಲ್ಲ. ನಾಗಮಂಗಲದ ಕಡೆಯ ಒಬ್ಬ ಅಜ್ಜಿ ಬೆಂಚಿನ ಮೇಲೆ ಕೂತು ತಾನೇ ಹೇಳಿದ್ದು ಇದು:

"ನಾನು ನನ್ ಮಗನ್ ಕಥೆ ಯೋಳ್ತಾವ್ನಿ, ಈವಮ್ಮ ಕಣ್ ಮುಚ್ಕಂಡ್ ಕುಂತದೆ. ನಂಗೆ ರೇಗೋಯ್ತು. ಏನವ್ವ, ನಿದ್ದೆ ಬಂದ್ಬುಡ್ತಾ ಅಂತ ತೋಳ್ಗೆ ತಿವಿದೆ. ಕಣ್ ಬುಡ್ದೇನೆ, 'ಮಗ ಕೆಂಪಂಗಿ ಆಕ್ಕಂಡು ಒಂಟ ಅಂದ್ರಲ್ಲ, ಆಮೇಲೆ?' ಅಂತು. ಆ ಕೆಂಪಂಗಿ ವಿಸ್ಯ ನಾನು ಯಾರ್ಗೂ ಯೋಳಿರ್ನಿಲ್ಲ ಕಣಪ್ಪ. ಅವತ್ತು ಅದೆಂಗೋ ಬಾಯಿಗೆ ಬಂದ್ಬುಡ್ತು."

ಮಗ ಹೊರಟು ಎಲ್ಲಿಗೆ ಹೋದ ಎಂದು ನಾವು ಯಾರೂ ಕೇಳಲಿಲ್ಲ. ಅಜ್ಜಿಯ ಮುಖ ನೋಡಿದರೆ ತಿಳಿಯುತ್ತಿತ್ತು.

ಇನ್ನೊಂದು, ಅವರು ಯಾರನ್ನೂ ನೀನು ಎನ್ನುತ್ತಿರಲಿಲ್ಲ. ಮನೆಯಲ್ಲಿ, ಕೇರಿಯಲ್ಲಿ, ಬಸ್ಸಿನಲ್ಲಿ ಲೇ ಎನ್ನಿಸಿಕೊಂಡೇ ಬದುಕಿದವರನ್ನು ಎದುರಿಗೆ ಕೂರಿಸಿ "ನೀವು" ಎನ್ನುತ್ತಿದ್ದರು. ತಲೆ ಕೆಟ್ಟವನಿಗೆ ಊರಿನಲ್ಲಿ ಮೊದಲು ಹೋಗುವುದೇ ಆ ಮರ್ಯಾದೆ. ಎದುರಿಗೆ ಕೂತಿದ್ದರೂ ಅವನ ಬಗ್ಗೆ ಪಕ್ಕದವನನ್ನು ಕೇಳುತ್ತಾರೆ: "ಏನ್ ತಿಂದ ಇವತ್ತು?" ಎಂದು. ಅವರು ಹಾಗೆ ಕೇಳಲಿಲ್ಲ. ನನ್ನ ಬಗ್ಗೆ ನನ್ನನ್ನೇ ಕೇಳಿದರು. ಆ ಕಾರಣಕ್ಕೇ ನಾನು ಇದನ್ನು ಬರೆಯುತ್ತಿರುವುದು.

ನನ್ನ ಕಥೆ ಹೇಳದೆ ಅವರ ಕಥೆ ಮುಂದಕ್ಕೆ ಹೋಗುವುದಿಲ್ಲ. ನಮ್ಮೂರು ಶೀಳನೆರೆಯ ಹತ್ತಿರ. ಮನೆಯಲ್ಲಿ ಇದ್ದದ್ದು ನಾನು, ಅವ್ವ, ಎರಡು ಹಸು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಇಪ್ಪತ್ತೈದು ದಾಟಿದ ಮೇಲೆ ನನ್ನ ಬದುಕಿನ ಒಂದಷ್ಟು ಕಾಲ ಮಂಜಿನೊಳಗೆ ಹೋಗಿಬಿಟ್ಟಿದೆ. ಅದರಲ್ಲಿ ನಡೆದದ್ದು ಯಾವುದು, ಕನಸು ಯಾವುದು ಎಂದು ಈಗಲೂ ಪೂರ್ತಿ ಬಗೆಹರಿಯುವುದಿಲ್ಲ. ನಮ್ಮ ಗದ್ದೆಯ ಬದುವಿಗೆ ನಾಲೆ. ಆ ನಾಲೆಯ ನೀರು ನನ್ನ ಹೆಸರು ಹಿಡಿದು ಮಾತಾಡತೊಡಗಿತು. ಮೊದಮೊದಲು ಒಳ್ಳೆಯ ಮಾತನ್ನೇ ಆಡುತ್ತಿತ್ತು. ನಾನು ಬದುವಿನ ಮೇಲೆ ಕೂತು ಬಿಸಿಲು ಇಳಿಯುವವರೆಗೂ ಕೇಳುತ್ತಿದ್ದೆ. ಕಬ್ಬಿನ ಗರಿಗಳು ಒಂದನ್ನೊಂದು ಮುಟ್ಟಿಕೊಂಡು ನನ್ನ ವಿಷಯವನ್ನೇ ಪಿಸುಗುಟ್ಟುತ್ತಿದ್ದವು. ಬೆಳಗಿನ ಇಬ್ಬನಿಯಲ್ಲಿ ಊರು ನೆಲ ಬಿಟ್ಟು ಒಂದು ಗೇಣು ಮೇಲೆ ನಿಂತಿರುವುದು ಕಾಣುತ್ತಿತ್ತು, ಹಸುಗಳು ಕಾಲೆತ್ತಿ ಅದರ ಮೇಲೆ ಹತ್ತಿಕೊಳ್ಳುತ್ತಿದ್ದವು. ಅದೆಲ್ಲ ಚೆಂದವಾಗಿತ್ತು ಎಂದರೆ ನೀವು ನಂಬಬೇಕು. ಆಮೇಲೆ ನೀರು ದನಿ ಬದಲಿಸಿತು. ನಿಮ್ಮವ್ವ ನಿನ್ನ ಊಟಕ್ಕೆ ಏನೋ ಬೆರೆಸುತ್ತಿದ್ದಾಳೆ ಎಂದಿತು.

ಅಂದಿನಿಂದ ನಾನು ಅವ್ವನ ಕೈಯ ಸಾರು ಮುಟ್ಟಲಿಲ್ಲ. ಹಾಲು ಮುಟ್ಟಲಿಲ್ಲ. ನಂಬಿದ್ದು ಮುದ್ದೆ ಒಂದನ್ನೇ. ಕುದಿಯುವ ಪಾತ್ರೆಯಿಂದ ನನ್ನ ಕಣ್ಣೆದುರಿಗೇ ತೆಗೆದು, ಸುಡುಸುಡುವಾಗಲೇ ಕೈಯಲ್ಲಿ ಹೊರಳಿಸಿ ಕಟ್ಟುತ್ತಿದ್ದಳಲ್ಲ, ಅದರಲ್ಲಿ ಏನು ಬೆರೆಸಲು ಸಾಧ್ಯ? ನಾನೇ ಮೆಣಸಿನಕಾಯಿ ಅರೆದು, ನಾನೇ ಸೇದಿದ ನೀರಿನಲ್ಲಿ ಕಲೆಸಿಕೊಂಡು, ಅದಕ್ಕೆ ಅದ್ದಿ ನುಂಗುತ್ತಿದ್ದೆ. ಮುದ್ದೆಯನ್ನು ನಮ್ಮ ಕಡೆ ಅಗಿಯುವುದಿಲ್ಲ, ನುಂಗುವುದೇ. ಅವ್ವ ಎದುರಿಗೆ ಕೂತು ನನ್ನ ಗಂಟಲನ್ನೇ ನೋಡುತ್ತಿದ್ದಳು.

ವರ್ಷ ತಿರುಗುವಷ್ಟರಲ್ಲಿ ನೀರು ಮಾತು ನಿಲ್ಲಿಸಿತು. ಒಂದು ಬೆಳಗ್ಗೆ ನಾಲೆಯ ಹತ್ತಿರ ಹೋದರೆ ಬರೀ ನೀರಿನ ಸದ್ದು. ಸ್ವಲ್ಪ ಬೇಜಾರೂ ಆಯಿತು. ಅವ್ವ ಅಮಾವಾಸ್ಯೆಗೆ ಆದಿಚುಂಚನಗಿರಿಗೆ ಹೋಗಿ ಬರುತ್ತಿದ್ದಳು. ಭೈರವ ಕಣ್ಣು ಬಿಟ್ಟ ಎಂದು ಊರವರೆಲ್ಲ ಅಂದರು, ನಾನೂ ಹಾಗೇ ಅಂದುಕೊಂಡೆ. ಸಾರು ಉಂಡೆ, ಹಾಲು ಕುಡಿದೆ. ಹೆತ್ತವ್ವನನ್ನೇ ಅನುಮಾನಿಸಿದೆನಲ್ಲ ಎಂದು ಒಳಗೊಳಗೇ ಕೊರಗಿದೆ. ಆದರೆ ಮೈಗೆ ಇನ್ನೊಂದು ಕಾಟ ಹತ್ತಿಕೊಂಡಿತ್ತು. ಎಲ್ಲಿ ಕೂತರೆ ಅಲ್ಲಿ ನಿದ್ದೆ, ಕತ್ತು ಬಿಗಿತ, ಬಾಯಿಯ ಜೊಲ್ಲಿಗೆ ದಿಂಬೆಲ್ಲ ಒದ್ದೆ. ಪೇಟೆಯ ಆಸ್ಪತ್ರೆಯಲ್ಲಿ ನಿದ್ದೆ ಡಾಕ್ಟರಮ್ಮ ಬರುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ಕೇಳಿ ಒಬ್ಬನೇ ಹೋದೆ. ಆ ಬೆಂಚಿನ ಮೇಲೆ ನಿದ್ದೆ ಜಾಸ್ತಿಯಾಗಿದೆ ಎಂದು ಹೇಳಿಕೊಂಡು ಬಂದವನು ನಾನೊಬ್ಬನೇ ಇರಬೇಕು.

ಊರು ಯಾವುದು ಎಂದು ಕೇಳಿದರು, ಹೇಳಿದೆ. ಮನೆಯಲ್ಲಿ ಯಾರಿದ್ದಾರೆ ಎಂದರು, ಅದನ್ನೂ ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಮೊದ್ಲು ತಲೆ ಸರಿಯಿರ್ನಿಲ್ಲ ಮೇಡಂ," ಎಂದೆ. "ನಮ್ಮವ್ವ ಊಟ್ದಲ್ಲಿ ಏನೋ ಬೆರೆಸ್ತದೆ ಅಂತ ಅನುಮಾನ. ಅನ್ಯಾಯವಾಗಿ ಅನುಮಾನ ಪಟ್ಬುಟ್ಟೆ. ಈಗ ಸರೋಗಿವ್ನಿ. ಅವ್ವ ಏನಿಕ್ಕಿದ್ರೂ ಉಣ್ತೀನಿ."

ಅವರು ಕಣ್ಣು ಮುಚ್ಚಿಕೊಂಡರು. ಫ್ಯಾನು ತಿರುಗುತ್ತಿತ್ತು. ಹಿಂದಿನ ಗೋಡೆಯ ಅಕ್ಷರಗಳು ಗಾಳಿಗೆ ಅಲುಗುತ್ತಿದ್ದವು. ಎಷ್ಟು ಹೊತ್ತಾದರೂ ಕಣ್ಣು ತೆರೆಯಲಿಲ್ಲ. ಇವರು ನಿಜವಾಗಿಯೂ ನಿದ್ದೆ ಹೋದರೇನೋ ಎಂದು ನನಗೂ ಅನ್ನಿಸಿತು. ಕೊನೆಗೆ, "ಮುಂದಿನ ಗುರುವಾರ ನಿಮ್ಮವ್ವನ್ನ ಕರ್ಕೊಂಡು ಬನ್ನಿ," ಎಂದರು.

ಮನೆಗೆ ಬಂದು ಹೇಳಿದರೆ ಅವ್ವನ ಮುಖ ಕಪ್ಪಿಟ್ಟಿತು. "ಆವಮ್ಮನ ತಾವ್ಕೆ ಯಾಕೋದ್ಲಾ ನೀನು? ನಿಂಗ್ಯಾರ್ ಯೋಳಿದ್ರು?" ಎಂದಳು. ಅವ್ವನಿಗೆ ಆ ಡಾಕ್ಟರು ಹೇಗೆ ಗೊತ್ತು ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಓಡಲಿಲ್ಲ.

ಗುರುವಾರ ಡಾಕ್ಟರಮ್ಮ ಮೇಜಿನ ಹಿಂದಿನ ಕುರ್ಚಿ ಬಿಟ್ಟು ಬಂದು ನಮ್ಮ ಪಕ್ಕ ಸ್ಟೂಲಿನ ಮೇಲೆ ಕೂತರು. ಅವ್ವನನ್ನು ಕೇಳಿದರು: "ನೀವು ಹೇಳ್ತೀರಾ, ನಾನು ಹೇಳ್ಲಾ?"

"ಬ್ಯಾಡ ಕಣ್ ಡಾಕ್ಟ್ರವ್ವ," ಎಂದಳು ಅವ್ವ. "ವಾಸಿ ಆಗವ್ನೆ. ಉಣ್ತಾವ್ನೆ. ನಿನ್ ಕಾಲ್ ಕಟ್ಕತೀನಿ, ಬುಟ್ಬುಡು."

"ಬಿಡಕ್ಕಾಗಲ್ಲ ಅವ್ವ."

ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಮುಚ್ಚದೆ, ಮೆಲ್ಲಗೆ ಹೇಳಿದರು. ಹೋದ ವರ್ಷ ಅವ್ವ ಒಬ್ಬಳೇ ಬಸ್ಸು ಹತ್ತಿ ಅವರ ಹತ್ತಿರ ಬಂದಿದ್ದಳು. ಮಗ ಊಟ ಬಿಟ್ಟಿದ್ದಾನೆ, ಮಚ್ಚು ಹಿಡಿದು ನಾಲೆಯ ಮೇಲೆ ಮಲಗುತ್ತಾನೆ, ಆಸ್ಪತ್ರೆ ಅಂದರೆ ಕಲ್ಲು ತೂರುತ್ತಾನೆ ಎಂದು ಅತ್ತಿದ್ದಳು. ಸಿಸ್ಟರನ್ನು ಮನೆಗೆ ಕಳಿಸಿದರೆ ನಾನು ಅವರ ಮೇಲೂ ಕಲ್ಲು ತೂರಿದೆನಂತೆ. ಕೊನೆಗೆ ಅವರು ಅವ್ವನ ಕೈಗೆ ಮಾತ್ರೆ ಕೊಟ್ಟಿದ್ದರು. ತೀರಿದಾಗಲೆಲ್ಲ ಅವ್ವ ಬಂದು ಮತ್ತೆ ಒಯ್ಯುತ್ತಿದ್ದಳು.

"ಯಾತ್ರಲ್ಲಿ ಕೊಟ್ಲು?" ಎಂದೆ.

"ಮುದ್ದೆಯಲ್ಲಿ."

ಸಾರಿನಲ್ಲಿ ಎಂದಿದ್ದರೆ, ಹಾಲಿನಲ್ಲಿ ಎಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ನಾನು ನಂಬಿದ್ದ ಒಂದೇ ಒಂದು ಪದಾರ್ಥದೊಳಗೆ, ನನ್ನ ಕಣ್ಣೆದುರಿಗೇ, ಒದ್ದೆ ಬೆರಳ ಸಂದಿಯಿಂದ ಅವ್ವ ಅದನ್ನು ಸೇರಿಸುತ್ತಿದ್ದಳು. ನನ್ನ ಗಂಟಲನ್ನು ಯಾಕೆ ನೋಡುತ್ತಿದ್ದಳು ಎಂದು ಆಗ ತಿಳಿಯಿತು.

"ಹಂಗಾರೆ ನಾಲೆ ನೀರು ಯೋಳಿದ್ದು ದಿಟ," ಎಂದೆ.

"ಅಲ್ಲ. ನೀರು ಹೇಳಿದಾಗ ನಿಮ್ಮವ್ವ ಏನೂ ಬೆರೆಸಿರಲಿಲ್ಲ. ಅದು ಕಾಯಿಲೆ. ಆಮೇಲೆ ಬೆರೆಸಿದ್ರು. ಅದು ನಿಜ. ಎರಡನ್ನೂ ಬೇರೆ ಬೇರೆ ಮಾಡಿ ನಿಮ್ಮ ಮುಂದೆ ಇಡೋದು ನನ್ನ ಕೆಲಸ. ಒಂದು ತಿಂಗಳಿಗೆ ಅಂತ ಕೊಟ್ಟೆ, ವರ್ಷ ಆಗೋಯ್ತು. ನಿಮ್ಮನ್ನ ಕೇಳದೆ ನಿಮ್ಮ ಮೈಗೆ ಮಾತ್ರೆ ಕೊಟ್ಟೋಳು ನಾನು. ತಪ್ಪು ನಂದು, ಅವರದಲ್ಲ. ಕ್ಷಮಿಸಿ."

ಒಬ್ಬ ಡಾಕ್ಟರು, ಅದರಲ್ಲೂ ಸರ್ಕಾರಿ ಡಾಕ್ಟರು, ನನ್ನಂಥವನಿಗೆ ಕ್ಷಮಿಸಿ ಎಂದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೆ ಆಗ ಅದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅವ್ವ ಎದ್ದು ನಿಂತು ಅವರಿಗೆ ಬಾಯಿಗೆ ಬಂದಂತೆ ಬೈಯತೊಡಗಿದಳು. "ಯಾವ್ ಸೀಮೆ ಡಾಕ್ಟ್ರವ್ವ ನೀನು? ತಣ್ಣಗಿದ್ ಮನೆಗೆ ಬೆಂಕಿ ಇಕ್ಬುಟ್ಟಲ್ಲ. ಇನ್ ಇವ್ನು ನನ್ ಕೈಲಿ ಒಂದ್ ತುತ್ತು ಉಂಡಾನಾ?" ಅವರು ತಲೆ ತಗ್ಗಿಸಿ ಬೈಸಿಕೊಂಡರು. ಅವ್ವ ಸುಸ್ತಾದ ಮೇಲೆ, "ನೀವಿಲ್ಲದ ದಿನ ಅವರಿಗೆ ಯಾರು ಕೊಡ್ತಾರೆ ಅವ್ವ? ತಾನಾಗೇ ಗೊತ್ತಾದ ದಿನ ಪಕ್ಕದಲ್ಲಿ ಯಾರಿರ್ತಾರೆ?" ಎಂದರು. ಅವ್ವನಿಗೆ ಅದು ಕೇಳಿಸಿತೋ ಇಲ್ಲವೋ. ನಾನು ಅಷ್ಟರಲ್ಲಿ ಬಾಗಿಲು ದಾಟಿದ್ದೆ.

ಮನೆಗೆ ಹೋಗಲಿಲ್ಲ. ಪಾಂಡವಪುರದ ಹತ್ತಿರ ಹಳೆಯ ಗೆಳೆಯನೊಬ್ಬನ ಆಲೆಮನೆಯಿತ್ತು, ಅಲ್ಲಿ ಸೇರಿಕೊಂಡೆ. ಬೆಲ್ಲ ಕುದಿಯುವ ಹೊಗೆಯಲ್ಲಿ ಹಗಲು ಯಾವುದು, ಸಂಜೆ ಯಾವುದು ತಿಳಿಯುತ್ತಿರಲಿಲ್ಲ. ಸಿಪ್ಪೆಯಿರುವ ಬಾಳೆಹಣ್ಣು, ಒಡೆಯದ ಎಳನೀರು, ಇಷ್ಟನ್ನೇ ತಿಂದೆ, ಕುಡಿದೆ. ಮಾತ್ರೆ ನಿಂತಿತ್ತು. ನಿಂತರೆ ನೀರು ಮತ್ತೆ ಮಾತಾಡಬಹುದು ಎಂದು ನನಗೆ ಗೊತ್ತಿತ್ತು, ಅದರ ಭಯವೂ ಇತ್ತು. ಆದರೆ ಮತ್ತೆ ಅವ್ವನ ಎದುರು ಕೂತು ತಟ್ಟೆಗೆ ಕೈ ಹಾಕುವುದು ನನ್ನಿಂದ ಆಗದ ಮಾತಾಗಿತ್ತು. ಡಾಕ್ಟರಮ್ಮನ ಜೊತೆ ಜಗಳವಾಡಿಯೇ ತೀರಬೇಕು ಎಂದು ಸೋಮವಾರ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ.

ಅಲ್ಲಿ ಬೆಂಚಿನ ಕೊನೆಯಲ್ಲಿ ಕೂತೆ. ಎಲ್ಲರೂ ಒಳಗೆ ಹೋಗಿ ಬಂದರು, ನಾನು ಏಳಲಿಲ್ಲ. ಅವರು ಹೊರಗೆ ಬಂದರು, ನನ್ನನ್ನು ನೋಡಿದರು, ಮಾತಾಡಿಸದೆ ಜೀಪು ಹತ್ತಿದರು. ಮಂಗಳವಾರ ಪಾಂಡವಪುರದಲ್ಲೂ ಹಾಗೇ. ಗುರುವಾರ ಪೇಟೆಯಲ್ಲೂ ಹಾಗೇ. ಆ ವಾರವೆಲ್ಲ ನಾನು ಅವರ ಜೀಪಿನ ಹಿಂದೆ ಬಸ್ಸಿನಲ್ಲಿ ತಿರುಗಿದೆ. ಕಿಟಕಿಯಾಚೆ ಭತ್ತದ ಗದ್ದೆಗಳು ಹಸಿರಾಗಿ ಹಿಂದಕ್ಕೆ ಸರಿಯುತ್ತಿದ್ದವು. ಊರುಗಳು ಬರುತ್ತಿದ್ದವು, ಹೋಗುತ್ತಿದ್ದವು, ಎಲ್ಲ ಊರಿನಲ್ಲೂ ಅದೇ ಬೆಂಚು, ಅದೇ ನಿದ್ದೆ ಬಾರದ ಜನ. ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದೇ ಮರೆತುಹೋಗುತ್ತಿತ್ತು. ಒಂದು ಸಲ ಬಸ್ಸು ಅವರ ಜೀಪನ್ನು ಹಿಂದೆ ಹಾಕಿತು. ನೋಡಿದರೆ, ಕಿಟಕಿಗೆ ತಲೆ ಆನಿಸಿ, ಬಾಯಿ ಅರ್ಧ ತೆರೆದು ನಿದ್ದೆ ಹೋಗಿದ್ದರು. ನಮ್ಮ ಅವ್ವನ ವಯಸ್ಸಿನವರೇ ಇರಬೇಕು. ಅವರ ಮೇಲಿದ್ದ ಸಿಟ್ಟು ಆಗ ಸ್ವಲ್ಪ ಇಳಿಯಿತು.

ನಾಗಮಂಗಲದಲ್ಲಿ ಸೆಖೆಗೆ ಬಾಗಿಲು ತೆರೆದಿಟ್ಟು, ವರಾಂಡದಲ್ಲೇ ಕೂತಿದ್ದರು. ಮೈಮೇಲೆ ದೇವರು ಬರುವ ಒಬ್ಬ ಹೆಂಗಸನ್ನು ಅವಳ ಗಂಡ ಕರೆತಂದಿದ್ದ. ಇದು ದೇವರೋ ಕಾಯಿಲೆಯೋ ಹೇಳಿಬಿಡಿ ಎಂದು ಅವನ ಹಟ. "ಅದು ನನಗೆ ಗೊತ್ತಾಗಲ್ಲ," ಎಂದರು ಇವರು. ಹೆಂಗಸಿನ ಕಡೆ ತಿರುಗಿ, "ದೇವರು ಬಂದು ಹೋದ ಮೇಲೆ ನಿಮಗೆ ಊಟ ಸೇರುತ್ತಾ? ಮೈಕೈ ನೋಯುತ್ತಾ? ಅಳು ಬರುತ್ತಾ?" ಎಂದು ಕೇಳಿದರು. ಆ ಹೆಂಗಸು ಎಷ್ಟೋ ದಿನಗಳಿಂದ ಯಾರಾದರೂ ಇದನ್ನು ಕೇಳಲಿ ಎಂದು ಕಾದಿದ್ದಳೇನೋ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ದೇವರಿಗೆ ನಾನು ಔಷಧಿ ಕೊಡಲ್ಲ. ನಿಮಗೆ ಕೊಡ್ತೀನಿ, ಬೇಕಾ?" ಎಂದರು. ಬೇಕು ಎಂದು ಅವಳು ತಲೆಯಾಡಿಸಿದ ಮೇಲೆಯೇ ಚೀಟಿ ಬರೆದರು.

ಬೇಕಾ ಎಂದು ಅವರು ಕೇಳಿದ ಆ ಮಾತು ನನ್ನನ್ನು ಎಬ್ಬಿಸಿತು. ಎಲ್ಲರೂ ಹೋದ ಮೇಲೆ ಎದುರಿಗೆ ಹೋಗಿ ನಿಂತೆ.

"ಊಟ ಆಯ್ತಾ ಮೇಡಂ?" ಎಂದೆ. ನಾಲ್ಕು ಊರು ಸುತ್ತಿ ಕಟ್ಟಿಕೊಂಡು ಬಂದಿದ್ದ ಜಗಳದಲ್ಲಿ ಬಾಯಿಗೆ ಬಂದದ್ದು ಇಷ್ಟೇ.

"ಇಲ್ಲ. ನಿಮ್ಮದು?"

"ನಂದೂ ಇಲ್ಲ. ಮಾತ್ರೆ ಕೊಡಿ. ನನ್ ಕೈಗೆ ಕೊಡಿ."

ಕೊಟ್ಟರು. ಮಾತ್ರೆಯ ಹೆಸರು ಹೇಳಿ, ನನ್ನ ಬಾಯಲ್ಲೂ ಹೇಳಿಸಿದರು. ಅದು ಏನು ಮಾಡುತ್ತದೆ, ಏನು ತೊಂದರೆ ಕೊಡುತ್ತದೆ ಎಂದು ಬಿಡಿಸಿ ಹೇಳಿದರು. ನಿದ್ದೆ, ಜೊಲ್ಲು, ಬಿಗಿತ ಅದರಿಂದಲೇ ಎಂದು, ಬೇರೆ ಮಾತ್ರೆಗೆ ಬದಲಾಯಿಸಿದರು. "ತಗೊಳ್ಳೋದು ಬಿಡೋದು ನಿಮ್ಮ ಕೈಲಿದೆ. ಬಿಟ್ರೆ ಏನಾಗುತ್ತೆ ಅನ್ನೋದು ಮಾತ್ರ ನನ್ನ ಕೈಲೂ ಇಲ್ಲ, ನಿಮ್ಮ ಕೈಲೂ ಇಲ್ಲ," ಎಂದರು. ನಾನು ಅವರೆದುರಿಗೇ ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ನನಗೆ ಗೊತ್ತಿದ್ದು ನುಂಗಿದ ಮೊದಲ ಮಾತ್ರೆ ಅದು.

ಮನೆಗೆ ಹೋದೆ. ಅವ್ವ ಸಾರು ಕಾಯಿಸಿದಳು, ಮುದ್ದೆ ಕಟ್ಟಿದಳು, ತಟ್ಟೆಗೆ ಹಾಕಿದಳು. ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿದಳು. ಹೆಬ್ಬೆರಳು ಒತ್ತಿ ಮುದ್ದೆಯನ್ನು ಎರಡಾಗಿ ಒಡೆದಳು, ಎರಡನ್ನೂ ಮತ್ತೆ ಒಡೆದಳು, ಒಳಗೆ ಏನೂ ಇಲ್ಲ ಎಂದು ಕಾಣುವಂತೆ ನಾಲ್ಕು ಚೂರನ್ನೂ ಬಿಡಿಸಿಟ್ಟು ತಟ್ಟೆಯನ್ನು ನನ್ನ ಕಡೆಗೆ ದೂಡಿದಳು. ಬಿಸಿಗೆ ಅವಳ ಬೆರಳು ಕೆಂಪಾಗಿತ್ತು. ನಾನು ನೋಡಿದೆ. ನೋಡಿ ಉಂಡೆ.

ಅದು ಅವತ್ತಿಗೆ ಮುಗಿಯಲಿಲ್ಲ. ನನ್ನ ಮಾತ್ರೆ ನನ್ನ ಅಂಗಿಯ ಜೇಬಿಗೆ ಬಂತು. ಕತ್ತು ಸಡಿಲವಾಯಿತು, ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಸಿಕ್ಕಿತು, ಜನ ಮತ್ತೆ ನನ್ನ ಜೊತೆ ತಮಾಷೆ ಮಾಡುವಷ್ಟು ಸಲಿಗೆಯೂ ಬಂತು. ಆದರೆ ಅವ್ವ ಮುದ್ದೆ ಒಡೆಯುವುದನ್ನು ಬಿಡಲಿಲ್ಲ. ವರ್ಷಗಟ್ಟಲೆ, ನೆಂಟರು ಬಂದಾಗಲೂ, ಹಬ್ಬದ ದಿನವೂ. "ಇದೇನವ್ವ, ಮಗಿಗೆ ಇಕ್ದಂಗೆ ಒಡ್ದು ಇಕ್ತೀಯ?" ಎಂದು ನೆಂಟರು ನಗುತ್ತಿದ್ದರು. "ಆರ್ಲಿ ಅಂತ," ಎನ್ನುತ್ತಿದ್ದಳು.

ನಾನು ಇದನ್ನು ಡಾಕ್ಟರಮ್ಮನಿಗೆ ಹೇಳಿದೆ. ನೀವಾದರೂ ಅವ್ವನಿಗೆ ಬುದ್ಧಿ ಹೇಳಿ ಎಂದೆ. "ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ," ಎಂದರು. ಅವ್ವನೋ, ಅವರ ಹೆಸರೆತ್ತಿದರೆ ಸಾಕು, ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು. ಆಸ್ಪತ್ರೆಯ ಕಡೆ ಅವಳು ಮತ್ತೆ ತಲೆ ಹಾಕಲಿಲ್ಲ. ನಾನು ಗುರುವಾರ ಹೋದಾಗಲೆಲ್ಲ ನಿದ್ದೆ, ಊಟ, ಕೆಲಸ ಎಲ್ಲ ಕೇಳಿ ಮುಗಿಸಿ, ಚೀಟಿ ಕೈಗೆ ಕೊಡುವಾಗ ಡಾಕ್ಟರಮ್ಮ ಕೊನೆಯದಾಗಿ ಒಂದು ಮಾತು ಕೇಳುತ್ತಿದ್ದರು.

"ಇನ್ನೂ ಒಡೀತಾರಾ?"

"ಒಡೀತದೆ ಮೇಡಂ."

"ಹೂಂ," ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಈಚೆಗೆ ಒಂದು ಗುರುವಾರ ಹೋದರೆ ಆ ಕುರ್ಚಿಯಲ್ಲಿ ಯಾರೋ ಹೊಸಬರು. ಡಾಕ್ಟರಮ್ಮ ಕಾಯಿಲೆ ಬಿದ್ದು ಬಹಳ ದಿನವಾಗಿತ್ತಂತೆ, ಹೇಳಿಕೊಂಡಿರಲಿಲ್ಲವಂತೆ. ತೀರಿಹೋದರು ಎಂದು ಸಿಸ್ಟರ್ ಹೇಳಿದರು. ಅಸ್ಥಿ ಬಿಡುವುದು ಗಂಜಾಂ ದಾಟಿದರೆ ಸಿಗುವ ಸಂಗಮದಲ್ಲಿ ಎಂದು ಅವರೇ ತಿಳಿಸಿದರು. ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ, ಬೆಂಚಿನ ಮೇಲೆಯೇ ಕೂತು ಅತ್ತೆ.

ಸಂಗಮದಲ್ಲಿ ಬೆಳಗಿನ ಮಂಜು ಇನ್ನೂ ನೀರಿನ ಮೇಲೇ ಇತ್ತು. ಮನೆಯವರು ಪುರೋಹಿತರ ಜೊತೆ ಒಂದು ಕಡೆ ಗುಂಪಾಗಿದ್ದರು. ಉಳಿದಂತೆ ದಡದ ಉದ್ದಕ್ಕೂ ಅಲ್ಲೊಬ್ಬರು ಇಲ್ಲೊಬ್ಬರು, ಮರದ ಕೆಳಗೆ, ಮೆಟ್ಟಿಲ ಮೇಲೆ, ಯಾರೂ ಯಾರ ಜೊತೆಗೂ ಬಂದವರಲ್ಲ. ಒಬ್ಬರ ಮುಖ ಒಬ್ಬರು ನೋಡಿ ಬೇರೆ ಕಡೆ ತಿರುಗುತ್ತಿದ್ದರು. ಎಲ್ಲ ಬೆಂಚಿನ ಜನ. ಬೆರಳ ಸಂದಿ ಬಿಳಿಚಿದ್ದ ಮೇಷ್ಟ್ರನ್ನು ನಾನು ಗುರುತು ಹಿಡಿದೆ. ಅವರು ನೀರಿಗಿಳಿದು, ಕೈಯನ್ನು ಒಂದೇ ಸಲ ಅದ್ದಿ, ಪಂಚೆಗೆ ಒರೆಸಿಕೊಂಡು ಮೇಲೆ ಬಂದರು. ಬೂದಿ ನೀರಿಗೆ ಬಿದ್ದು, ಮಂಜಿನ ಕೆಳಗೆ ಹರಡಿಕೊಂಡು ಹೋಯಿತು. ನದಿ ಸದ್ದು ಮಾಡುತ್ತಾ ಹರಿಯುತ್ತಿತ್ತು. ನಾನು ಬಹಳ ಹೊತ್ತು ಕಿವಿಗೊಟ್ಟೆ. ಬರೀ ನೀರಿನ ಸದ್ದೇ.

ಅವರ ತಂಗಿಯಿರಬೇಕು, ಅದೇ ಮೂಗು, ನನ್ನ ಹತ್ತಿರ ಬಂದು ಕೇಳಿದರು: "ಅಕ್ಕ ನಿಮಗೆ ಹೇಗೆ ಪರಿಚಯ?"

"ನಾನು ಅವರ ಪೇಷೆಂಟು," ಎಂದೆ. ಗಟ್ಟಿಯಾಗಿಯೇ ಹೇಳಿದ್ದಿರಬೇಕು, ಮೇಷ್ಟ್ರು ತಿರುಗಿ ನೋಡಿದರು.

ವಾಪಸು ಬರುವ ಬಸ್ಸಿನಲ್ಲಿ ಕೂತು, ಇನ್ನು ಆ ಕೊನೆಯ ಮಾತನ್ನು ಕೇಳುವವರು ಯಾರೂ ಇಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಆಗ ಒಂದು ವಿಷಯ ಹೊಳೆಯಿತು. ಅವರು ಅಷ್ಟು ವರ್ಷ ಅವ್ವನ ಬಗ್ಗೆ ಕೇಳುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅವರು ಕೇಳುತ್ತಿದ್ದದ್ದು ನನ್ನ ಬಗ್ಗೆ. ನಾನು ಪ್ರತಿ ಸಲವೂ ಬಗ್ಗಿ ನೋಡುತ್ತಿದ್ದೆ, ಅದಕ್ಕೇ ಅವ್ವ ಒಡೆಯುತ್ತಿದ್ದದ್ದು. ನಾನು ನೋಡುವುದು ನಿಲ್ಲುವವರೆಗೆ ಅವಳು ಹೇಗೆ ನಿಲ್ಲಿಸಿಯಾಳು?

ಮನೆಗೆ ಬರುವಾಗ ಮಧ್ಯಾಹ್ನ ದಾಟಿತ್ತು. ಸಾವಿನ ಕಡೆಯಿಂದ ಬಂದವನೆಂದು ಹೊರಗೇ ನೀರು ಹುಯ್ದುಕೊಂಡು ಒಳಗೆ ಹೋದೆ. ಅವ್ವ ಒಲೆಯ ಮುಂದಿದ್ದಳು.

"ಯಾರ್ದು ಸಾವು?" ಎಂದಳು.

"ನಿದ್ದೆ ಡಾಕ್ಟ್ರಮ್ಮಂದು."

ಅವ್ವನ ಕೈಯಲ್ಲಿದ್ದ ಮುದ್ದೆ ಕೋಲು ನಿಂತಿತು. ಎದ್ದು ಕೊಟ್ಟಿಗೆಗೆ ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. "ಅವತ್ತು ಅಷ್ಟು ಬೈದ್ನಲ್ಲ, ಒಂದ್ ಮಾತೂ ಎದ್ರಾಡ್ಲಿಲ್ಲ ಪುಣ್ಯಾತ್ಗಿತ್ತಿ," ಎಂದಳು. ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದಳು, ತಟ್ಟೆಗೆ ಹಾಕಿದಳು, ಹೆಬ್ಬೆರಳು ಮುಂದೆ ತಂದಳು.

"ಒಡೀಬ್ಯಾಡ ಕಣವ್ವ," ಎಂದೆ.

ಅವಳ ಬೆರಳು ಮುದ್ದೆಯ ಮೇಲೆಯೇ ನಿಂತಿತು. "ನೋಡ್ಕಂಡ್ ಉಣ್ಲಾ," ಎಂದಳು.

"ನೋಡೋದೇನೈತೆ."

ತಟ್ಟೆಯನ್ನು ಅವಳ ಬೆರಳಿನ ಕೆಳಗಿನಿಂದ ನನ್ನ ಕಡೆಗೆ ಎಳೆದುಕೊಂಡೆ. ತಟ್ಟೆಯನ್ನು ನೋಡದೆ, ಅವಳ ಮುಖವನ್ನೇ ನೋಡುತ್ತಾ ತುತ್ತು ಮುರಿದು, ಸಾರಿಗೆ ಅದ್ದಿ ನುಂಗಿದೆ. ಅವ್ವ ನನ್ನ ಗಂಟಲು ನೋಡಲಿಲ್ಲ. ಒಲೆಯ ಕಡೆ ತಿರುಗಿಕೊಂಡು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೇಳದಿದ್ದರೂ ನನಗೆ ಇನ್ನೊಂದು ಮುದ್ದೆ ಕಟ್ಟತೊಡಗಿದಳು.